ಕೈ ತೊಳೆಯುತ್ತೇವೆ, ಹಲ್ಲು ಉಜ್ಜುತ್ತೇವೆ: ಸಹಜ ಪದಜೋಡಿಗಳನ್ನು ಕಂಪ್ಯೂಟರ್ ಹುಡುಕಿಕೊಡಬಲ್ಲದೇ?

ಪ್ರಶ್ನೆ: ನಾನು ಕನ್ನಡ ಬಾರದವರಿಗೆ ಕನ್ನಡ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ವ್ಯಾಕರಣ ಗೊತ್ತು, ಪದಗಳೂ ಗೊತ್ತು. ಆದರೂ "ಹಲ್ಲು ತೊಳೆದೆ", "ಸ್ನಾನ ತೆಗೆದುಕೊಂಡೆ" ಎನ್ನುತ್ತಾರೆ. ಸಹಜವಾಗಿ ಜೊತೆಗೆ ಬರುವ ಪದಗಳ ಪಟ್ಟಿ ಮಾಡಿಕೊಡೋಣ ಎಂದು ಸುಮಾರು ಹತ್ತು ಲಕ್ಷ ಪದಗಳ ಬರಹ ಒಟ್ಟುಮಾಡಿ, ಅಕ್ಕಪಕ್ಕದ ಪದಗಳನ್ನು ಕಂಪ್ಯೂಟರಿನಲ್ಲಿ ಎಣಿಸಿದೆ. ಪಟ್ಟಿಯ ತಲೆಯಲ್ಲಿ ಬಂದದ್ದು "ಎಂದು ಹೇಳಿದರು", "ಈ ಬಗ್ಗೆ" ಇಂಥವು. ಗೆಳೆಯರೊಬ್ಬರು ಹೇಳಿದ ಮ್ಯೂಚುವಲ್ ಇನ್ಫರ್ಮೇಶನ್ ಸೂತ್ರ ಹಾಕಿದೆ. ಈ ಸಲ ಯಾರ್ಯಾರದೋ ಹೆಸರುಗಳು, ಅಚ್ಚಿನ ತಪ್ಪುಗಳು ಮೇಲೆ ಬಂದವು. ನಾನು ಎಲ್ಲಿ ತಪ್ಪಿದೆ? ಈ ಕೆಲಸ ನಿಜಕ್ಕೂ ಯಂತ್ರದಿಂದ ಆಗುತ್ತದೆಯೇ?

ಉತ್ತರ: ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ. ನೀವು ಕಂಪ್ಯೂಟರಿಗೆ ಕೇಳಿದ್ದು "ಯಾವ ಪದಗಳು ಒಟ್ಟಿಗೆ ಬರುತ್ತವೆ?" ಎಂದು. ಅದು ಅಷ್ಟಕ್ಕೇ ಉತ್ತರ ಕೊಟ್ಟಿದೆ. ನಿಮ್ಮ ವಿದ್ಯಾರ್ಥಿಗೆ ಬೇಕಾದದ್ದು ಬೇರೆ: "ನಾನು ಎಲ್ಲಿ ಎಡವುತ್ತೇನೆ?" "ಎಂದು ಹೇಳಿದರು" ಎಷ್ಟು ಸಾವಿರ ಸಲ ಬಂದರೂ ಅಲ್ಲಿ ಯಾರೂ ಎಡವುವುದಿಲ್ಲ. ಎಡವುವುದು "ಹಲ್ಲು" ಎಂಬ ಪದದ ಮುಂದೆ ಯಾವ ಕ್ರಿಯಾಪದ ಇಡಬೇಕು ಎನ್ನುವಲ್ಲಿ. ಈ ಎರಡನೆಯ ಪ್ರಶ್ನೆಗೂ ಯಂತ್ರದಿಂದ ಉತ್ತರ ತೆಗೆಯಬಹುದು. ಅದಕ್ಕೆ ಬಂದ ಜೋಡಿಗಳ ಜೊತೆಗೆ, ಬರಬಹುದಾಗಿದ್ದೂ ಬಾರದ ಜೋಡಿಗಳನ್ನೂ ನೋಡಬೇಕು. ನನ್ನ ಉತ್ತರದ ತಿರುಳು ಇದೇ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಕೆಲವು ಕೆಲಸಗಳಿವೆ.

ಮೊದಲು ನಾವು ಹುಡುಕುತ್ತಿರುವುದು ಏನು ಎಂದು ಗಟ್ಟಿ ಮಾಡಿಕೊಳ್ಳೋಣ. "ಕೈ ಕೊಟ್ಟ" ಎಂದರೆ ಮೋಸ ಮಾಡಿದ. ಅದು ನುಡಿಗಟ್ಟು. ಪದಗಳ ಅರ್ಥ ಗೊತ್ತಿದ್ದರೂ ಒಟ್ಟು ಅರ್ಥ ಹೊಳೆಯುವುದಿಲ್ಲ. "ಸಾಲ ತೀರಿಸಿದ" ಹಾಗಲ್ಲ. ಕೇಳಿದವರಿಗೆ ಅರ್ಥವಾಗುತ್ತದೆ. ಆದರೆ ತಾನೇ ಹೇಳಬೇಕಾದಾಗ "ತೀರಿಸು" ನೆನಪಿಗೆ ಬರುವುದಿಲ್ಲ, "ಸಾಲ ಮುಗಿಸಿದೆ" ಎಂದುಬಿಡುತ್ತಾರೆ. ಕೇಳುವಾಗ ಸುಲಭ, ಹೇಳುವಾಗ ಕಷ್ಟ. ಇಂಥವನ್ನೇ ಇಂಗ್ಲಿಷಿನವರು ಕೊಲೊಕೇಶನ್ ಎನ್ನುವುದು. ನಾನು ಪದಜೋಡಿ ಎನ್ನುತ್ತೇನೆ. (ಜೋಡುನುಡಿ ಎನ್ನುವುದಿಲ್ಲ. "ಮನೆಮಠ", "ಹೊಲಗದ್ದೆ" ಇಂಥವಕ್ಕೆ ಆ ಹೆಸರು ಆಗಲೇ ಇದೆ.) ಕೇಳುವಾಗ ಸುಲಭವಾದ್ದರಿಂದಲೇ ಕಲಿಯುವವರು ಇವನ್ನು ಗಮನಿಸದೆ ದಾಟಿಹೋಗುತ್ತಾರೆ. ಅರ್ಥವಾಯಿತಲ್ಲ, ಇನ್ನೇನು ಕಲಿಯುವುದು ಎನಿಸುತ್ತದೆ.

ಈ ವಿಷಯ ಹುಟ್ಟಿದ್ದೇ ಪಾಠ ಹೇಳುವವರ ಕಷ್ಟದಿಂದ. ಹೆರಾಲ್ಡ್ ಪಾಮರ್ ಟೋಕಿಯೋದಲ್ಲಿ ಇಂಗ್ಲಿಷ್ ಕಲಿಸುವ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. 1933ರಲ್ಲಿ ಅವರು ಇಂಗ್ಲಿಷ್ ಪದಜೋಡಿಗಳ ದೊಡ್ಡ ವರದಿಯೊಂದನ್ನು ಹೊರತಂದರು. ಅದು ಪೂರ್ತಿ ಕೈಯಿಂದ ಆದ ಕೆಲಸ. ಒಂದು ಪದವನ್ನು ಅದರ ಸಂಗಾತಿಗಳಿಂದ ಗುರುತಿಸಬೇಕು ಎಂಬ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಅವರ ಮಾತು ಹೆಸರಾದದ್ದು 1957ರಲ್ಲಿ. ಕಂಪ್ಯೂಟರಿನ ಎಣಿಕೆ ನಿಘಂಟಿನ ಒಳಗೆ ಗಟ್ಟಿಯಾಗಿ ಕಾಲಿಟ್ಟದ್ದು ಜಾನ್ ಸಿಂಕ್ಲೇರ್ ಅವರ ಕೋಬಿಲ್ಡ್ ನಿಘಂಟಿನಲ್ಲಿ, 1987ರಲ್ಲಿ. ನೀವು ಹಾಕಿದ ಸೂತ್ರವನ್ನು ಈ ಕೆಲಸಕ್ಕೆ ತಂದವರು ಕೆನೆತ್ ಚರ್ಚ್ ಮತ್ತು ಪ್ಯಾಟ್ರಿಕ್ ಹ್ಯಾಂಕ್ಸ್, 1989–90ರ ಹೊತ್ತಿಗೆ.

ಆ ಸೂತ್ರ ನಿಮಗೆ ಯಾಕೆ ಹೆಸರುಗಳನ್ನು ಕೊಟ್ಟಿತು? ಒಂದು ಲೆಕ್ಕ ಮಾಡಿ ನೋಡೋಣ. ಸಂಖ್ಯೆಗಳು ಬರೀ ಉದಾಹರಣೆಗೆ. ನಿಮ್ಮ ಬರಹದಲ್ಲಿ ಒಟ್ಟು 10,00,000 ಪದಗಳಿವೆ ಎಂದುಕೊಳ್ಳಿ. "ಸಾಲ" 500 ಸಲ, "ತೀರಿಸು" 200 ಸಲ, ಎರಡೂ ಒಟ್ಟಿಗೆ 80 ಸಲ ಬಂದಿವೆ. ಪದಗಳನ್ನು ಸುಮ್ನೆ ಕಲಸಿ ಚೆಲ್ಲಿದ್ದರೆ ಇವೆರಡು ಎಷ್ಟು ಸಲ ಪಕ್ಕಪಕ್ಕ ಬೀಳುತ್ತಿದ್ದವು? 500ನ್ನು 200ರಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿ. ಬರುವುದು 0.1. ನಿಜವಾಗಿ ಬಂದದ್ದು 80. ಅಂದರೆ ನಿರೀಕ್ಷೆಯ 800 ಪಟ್ಟು. ಮ್ಯೂಚುವಲ್ ಇನ್ಫರ್ಮೇಶನ್ ಎಂದರೆ ಈ "ಎಷ್ಟು ಪಟ್ಟು" ಎಂಬುದರ ಲಾಗ್, ಎರಡರ ಆಧಾರದಲ್ಲಿ. ಅಂದರೆ ಎರಡನ್ನು ಎಷ್ಟು ಸಲ ಗುಣಿಸುತ್ತಾ ಹೋದರೆ ಆ ಸಂಖ್ಯೆ ಬರುತ್ತದೆ ಎಂಬ ಲೆಕ್ಕ. ಇಲ್ಲಿ ಅದು 9.6.

ಈಗ "ಎಂದು" 20,000 ಸಲ, "ಹೇಳು" 8,000 ಸಲ, ಜೊತೆಯಾಗಿ 2,500 ಸಲ ಎಂದುಕೊಳ್ಳಿ. ನಿರೀಕ್ಷೆ 160. ಬಂದದ್ದು ಅದರ 15.6 ಪಟ್ಟು. ಅಂಕ ಸುಮಾರು 4. ಇಲ್ಲಿಯವರೆಗೆ ಸೂತ್ರ ಚೆನ್ನಾಗಿಯೇ ಕೆಲಸ ಮಾಡಿದೆ, ಅಲ್ವಾ? "ಸಾಲ ತೀರಿಸು" ಮೇಲೆ ಹೋಯಿತು. ಆದರೆ ಇಡೀ ಬರಹದಲ್ಲಿ ಒಂದೇ ಒಂದು ಸಲ ಬಂದ ಒಬ್ಬರ ಹೆಸರನ್ನು ನೋಡಿ. ಹೆಸರಿನ ಎರಡೂ ಭಾಗ ಒಂದೊಂದು ಸಲ, ಜೊತೆಯಾಗಿ ಒಂದು ಸಲ. ನಿರೀಕ್ಷೆ ಹತ್ತು ಲಕ್ಷದಲ್ಲಿ ಒಂದು ಪಾಲು. ಬಂದದ್ದು ಅದರ ಹತ್ತು ಲಕ್ಷ ಪಟ್ಟು. ಅಂಕ 19.9! ಒಂದೇ ಸಲ ಕಂಡದ್ದಕ್ಕೆ ಎಲ್ಲಕ್ಕಿಂತ ಜಾಸ್ತಿ ಅಂಕ. ಅಪರೂಪದ ಪದಗಳ ಮೇಲೆ ಈ ಸೂತ್ರಕ್ಕೆ ಇಂಥ ಒಲವು ಇದೆ.

ಟಿ-ಸ್ಕೋರ್ ಎಂಬ ಇನ್ನೊಂದು ಅಳತೆ ಇದೆ. ಅದರ ಒಲವು ಇದಕ್ಕೆ ತಿರುವುಮುರುವು, ಹೆಚ್ಚು ಸಲ ಬರುವ ಪದಗಳ ಕಡೆಗೆ. ಅದರಲ್ಲಿ "ಎಂದು ಹೇಳು" ಸುಮಾರು 47, "ಸಾಲ ತೀರಿಸು" ಸುಮಾರು 9, ಆ ಹೆಸರು 1. ನೀವು ಬರೀ ಎಣಿಸಿದಾಗ ಕಂಡದ್ದೇ ಇಲ್ಲೂ ಕಾಣುತ್ತದೆ. ನಡುವಿನ ದಾರಿ ಹುಡುಕಿದವರಲ್ಲಿ ಇಬ್ಬರು ಮುಖ್ಯ. ಟೆಡ್ ಡನಿಂಗ್ 1993ರಲ್ಲಿ ಲಾಗ್-ಲೈಕ್ಲಿಹುಡ್ ಅಳತೆಯನ್ನು ತಂದರು. ಕಡಿಮೆ ಎಣಿಕೆಯ ಪದಗಳನ್ನು ಅದು ಹೆಚ್ಚು ಹದವಾಗಿ ತೂಗುತ್ತದೆ. ಪಾವೆಲ್ ರಿಖ್ಲಿ 2008ರಲ್ಲಿ ಲಾಗ್-ಡೈಸ್ ತಂದರು. ಅದರ ಗರಿಷ್ಠ ಅಂಕ 14. ಬರಹದ ಒಟ್ಟು ಗಾತ್ರ ಆ ಸೂತ್ರದೊಳಗೆ ಬರುವುದೇ ಇಲ್ಲ. ಹಾಗಾಗಿ ನಿಮ್ಮ ಹತ್ತು ಲಕ್ಷದ ಸಂಗ್ರಹವನ್ನೂ ಇನ್ನೊಬ್ಬರ ಕೋಟಿ ಪದಗಳ ಸಂಗ್ರಹವನ್ನೂ ಹೋಲಿಸಿ ನೋಡಬಹುದು. "ಸಾಲ ತೀರಿಸು" ಅದರಲ್ಲಿ 11.9 ಪಡೆಯುತ್ತದೆ. ನಿಮಗೆ ನನ್ನ ಸಲಹೆ ಲಾಗ್-ಡೈಸ್. ಆದರೆ ಅದೂ ಒಂದೇ ಸಲ ಬಂದ ಆ ಹೆಸರಿಗೆ ಪೂರ್ತಿ 14 ಕೊಡುತ್ತದೆ. ಆದ್ದರಿಂದ ಐದಕ್ಕಿಂತ ಕಡಿಮೆ ಸಲ ಬಂದ ಜೋಡಿಗಳನ್ನು ಮೊದಲೇ ಬಿಟ್ಟುಬಿಡಿ. ಜೊತೆಗೆ ಅದು ಎಷ್ಟು ಬೇರೆ ಬೇರೆ ಬರಹಗಳಲ್ಲಿ ಬಂದಿದೆ ಎಂದೂ ನೋಡಿ. ಒಬ್ಬರೇ ಲೇಖಕರು ಒಂದೇ ಕಥೆಯಲ್ಲಿ ಮೂವತ್ತು ಸಲ ಬಳಸಿದ ಜೋಡಿ ಎಲ್ಲರ ಜೋಡಿಯಲ್ಲ.

ಸೂತ್ರದ ಮಾತು ಇಷ್ಟು ಸಾಕು. ಜನ ಸೂತ್ರದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ನಿಜವಾಗಿ ಕೈ ಹಿಡಿಯುವುದು ಅಥವಾ ಕೈ ಬಿಡುವುದು ಎಣಿಸುವ ಮೊದಲು ಮಾಡುವ ಕೆಲಸ.

ಇಂಗ್ಲಿಷಿನ ಒಂದು ಕ್ರಿಯಾಪದಕ್ಕೆ ನಾಲ್ಕೈದು ರೂಪ. ಕನ್ನಡದಲ್ಲಿ ತೀರಿಸಿದ, ತೀರಿಸಿದಳು, ತೀರಿಸುತ್ತೇನೆ, ತೀರಿಸಬೇಕು, ತೀರಿಸಲಾರ, ತೀರಿಸಿಕೊಂಡು, ತೀರಿಸದೆ... ಹೀಗೆ ಹೋಗುತ್ತಲೇ ಇರುತ್ತದೆ. ಈ ಕಡೆ ಸಾಲ, ಸಾಲವನ್ನು, ಸಾಲಾನ, ಸಾಲಗಳನ್ನೆಲ್ಲ. ರೂಪಗಳನ್ನು ಹಾಗೇ ಎಣಿಸಿದರೆ 80 ಸಲ ಬಂದ ಒಂದು ಜೋಡಿ ನಲವತ್ತು ಚೂರಾಗುತ್ತದೆ. ಒಂದೊಂದೂ ಎರಡೆರಡು ಸಲ. ಐದರ ಗೆರೆ ಎಳೆದ ತಕ್ಷಣ ಎಲ್ಲವೂ ಮಾಯ. ನಿಮ್ಮ ಪಟ್ಟಿಯಲ್ಲಿ ಒಳ್ಳೆಯ ಜೋಡಿಗಳು ಕಾಣದಿರಲು ಇದೇ ದೊಡ್ಡ ಕಾರಣವಿರಬೇಕು. ಆದ್ದರಿಂದ ಮೊದಲು ಪ್ರತಿ ಪದವನ್ನೂ ಮೂಲರೂಪಕ್ಕೆ ತರಬೇಕು. ಪೂರ್ತಿ ಪದವಿಶ್ಲೇಷಕ ಸಿಗದಿದ್ದರೂ, ನೀವು ಕಲಿಸುವ ಇನ್ನೂರು ಕ್ರಿಯಾಪದಗಳ ರೂಪಗಳನ್ನು ಕೂತು ಬರೆದರೆ ಕೆಲಸ ನಡೆಯುತ್ತದೆ. ಬೇಜಾರಿನ ಕೆಲಸ, ನಿಜ. ಆದರೆ ಒಂದು ಸಲ ಮಾಡಿದರೆ ಸಾಕು.

ಮೂಲರೂಪಕ್ಕೆ ತಂದ ಮೇಲೆ ಹಳೆಯ ರೂಪವನ್ನು ಎಸೆಯಬೇಡಿ, ಪಕ್ಕದಲ್ಲೇ ಇಟ್ಟುಕೊಳ್ಳಿ. "ಎವೆಯಿಕ್ಕದೆ ನೋಡಿದ" ಎನ್ನುತ್ತೇವೆ. "ಎವೆಯಿಕ್ಕಿ ನೋಡಿದ" ಎನ್ನುವುದಿಲ್ಲ. ಕೆಲವು ಜೋಡಿಗಳು ಇಲ್ಲ ಎನ್ನುವ ರೂಪದಲ್ಲಷ್ಟೇ ಬದುಕಿರುತ್ತವೆ. ಮೂಲರೂಪ ಮಾತ್ರ ಉಳಿಸಿಕೊಂಡರೆ ಅದು ಕಳೆದುಹೋಗುತ್ತದೆ. ಹಾಗೆಯೇ "ನಿದ್ದೆ ಬರು" ಎಂದು ಪಟ್ಟಿಯಲ್ಲಿ ಬರೆದುಕೊಟ್ಟರೆ ವಿದ್ಯಾರ್ಥಿ "ನಾನು ನಿದ್ದೆ ಬರುತ್ತೇನೆ" ಎನ್ನುತ್ತಾನೆ. "ನನಗೆ" ಎನ್ನುವುದೂ ಆ ಜೋಡಿಯ ಭಾಗವೇ. "ನನಗೆ ಕೋಪ ಬಂತು", ಆದರೆ "ನಾನು ಕೋಪ ಮಾಡಿಕೊಂಡೆ". ಯಾವ ವಿಭಕ್ತಿ ಜೊತೆಗೆ ಬಂತು ಎಂಬುದನ್ನು ಎಣಿಸದ ಪಟ್ಟಿ ಕನ್ನಡಕ್ಕೆ ಅರ್ಧ ಪಟ್ಟಿ.

ಇನ್ನೊಂದು, ನೀವು ಅಕ್ಕಪಕ್ಕದ ಪದ ಮಾತ್ರ ಎಣಿಸಿದ್ದೀರಿ. "ಸಾಲವನ್ನು ಹೋದ ವರ್ಷವೇ ಪೂರ್ತಿ ತೀರಿಸಿದೆ" ಎಂಬಲ್ಲಿ ನಡುವೆ ಮೂರು ಪದ ಬಂದಿವೆ. ಹಾಗಾಗಿ ನಾಮಪದದಿಂದ ಬಲಕ್ಕೆ ನಾಲ್ಕೈದು ಪದಗಳವರೆಗೆ ನೋಡಿ, ವಾಕ್ಯ ಮುಗಿದರೆ ನಿಲ್ಲಿ. ನಮ್ಮಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದು ಇಲ್ಲಿ ಅನುಕೂಲವೇ. ಕೂಡಿಸಿ ಬರೆಯುವ ಅಭ್ಯಾಸ ಮಾತ್ರ ತೊಂದರೆ ಕೊಡುತ್ತದೆ. "ಕಣ್ಣೀರಿಟ್ಟಳು" ಯಂತ್ರಕ್ಕೆ ಒಂದೇ ಪದ, "ಕಣ್ಣೀರು ಇಟ್ಟಳು" ಎರಡು. ಕಣ್ಣಿಗೆ ಕಾಣದ ತೊಂದರೆಯೂ ಒಂದಿದೆ. ಒತ್ತಕ್ಷರ ಆಗದಿರಲಿ ಎಂದು ಟೈಪ್ ಮಾಡುವಾಗ ಹಾಕುವ, ತೆರೆಯ ಮೇಲೆ ಕಾಣಿಸದ ಅಕ್ಷರ. ಒಂದರಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ನಮಗೆ ಒಂದೇ ಥರ ಕಾಣುವ ಪದಗಳು ಕಂಪ್ಯೂಟರಿಗೆ ಬೇರೆ ಬೇರೆ. ಎಣಿಸುವ ಮೊದಲು ಅದನ್ನು ತೆಗೆದುಹಾಕಿ.

ಇಷ್ಟಾದ ಮೇಲೆ ನಾಮಪದ–ಕ್ರಿಯಾಪದ, ಬಣ್ಣಿಸುವ ಪದ–ನಾಮಪದ, ಕ್ರಿಯೆಯ ರೀತಿ ಹೇಳುವ ಪದ–ಕ್ರಿಯಾಪದ, ಈ ಮೂರು ಬಗೆ ಮಾತ್ರ ಉಳಿಸಿಕೊಳ್ಳಿ. "ಈ ಬಗ್ಗೆ" ತಾನಾಗಿ ಹೋಗುತ್ತದೆ. ಮೂರನೆಯ ಬಗೆಯನ್ನು ದಯವಿಟ್ಟು ಬಿಡಬೇಡಿ. ಗಟಗಟ ಕುಡಿ, ಬಿಕ್ಕಿ ಬಿಕ್ಕಿ ಅಳು, ದಡದಡ ಇಳಿ, ಧೋ ಎಂದು ಸುರಿ. ಪಾಠದ ಪುಸ್ತಕಗಳಲ್ಲಿ ಇವು ಸಿಗುವುದು ಕಡಿಮೆ. ಇವಿಲ್ಲದೆ ಕನ್ನಡ ಸಪ್ಪೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಕೈಯಲ್ಲಿ ಒಳ್ಳೆಯ ಜೋಡಿಗಳ ಪಟ್ಟಿ ಇದೆ. ಅದರಲ್ಲಿ "ಪುಸ್ತಕ ಓದು" ಇದೆ, "ಕೈ ತೊಳೆ" ಇದೆ. ಎರಡಕ್ಕೂ ಒಳ್ಳೆಯ ಅಂಕ. ಆದರೆ ಮೊದಲನೆಯದನ್ನು ಕಲಿಸುವ ಅಗತ್ಯವಿಲ್ಲ. ಪುಸ್ತಕವನ್ನು ಓದದೆ ಇನ್ನೇನು ಮಾಡುತ್ತಾರೆ? ಎರಡನೆಯದರ ಪಕ್ಕದಲ್ಲಿ ಒಗೆ, ಉಜ್ಜು, ಒರೆಸು, ಬೆಳಗು ಎಂಬ ಅಣ್ಣತಮ್ಮಂದಿರು ಕಾಯುತ್ತಿದ್ದಾರೆ. ಎಲ್ಲವೂ ಶುಚಿ ಮಾಡುವ ಪದಗಳೇ. ಕಲಿಯುವವರು ಯಾವುದನ್ನಾದರೂ ಹಿಡಿಯಬಹುದು.

ಇದನ್ನು ಅಳೆಯುವ ದಾರಿ ಹೀಗಿದೆ. ಜೋಡಿಯ ಒಂದು ಪದವನ್ನು ತೆಗೆದು, ಹತ್ತಿರದ ಅರ್ಥದ ಇನ್ನೊಂದನ್ನು ಅಲ್ಲಿ ಇಡಿ. ಆ ಹೊಸ ಜೋಡಿ ಬರಹದಲ್ಲಿ ಇದೆಯೇ ನೋಡಿ. 2001ರಲ್ಲಿ ಡ್ಯಾರೆನ್ ಪಿಯರ್ಸ್ ಇಂಗ್ಲಿಷಿನಲ್ಲಿ ಇದನ್ನು ಮಾಡಿ ತೋರಿಸಿದರು. ಬ್ಯಾಗೇಜ್, ಲಗೇಜ್ ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. ಆದರೆ ಮನಸ್ಸಿನ ಭಾರದ ಬಗ್ಗೆ ಹೇಳುವಾಗ "ಎಮೋಷನಲ್ ಬ್ಯಾಗೇಜ್" ಎನ್ನುತ್ತಾರೆ, "ಎಮೋಷನಲ್ ಲಗೇಜ್" ಎನ್ನುವುದಿಲ್ಲ. ಹತ್ತಿರದ ಅರ್ಥದ ಪದಗಳಿಗಾಗಿ ಅವರು ವರ್ಡ್‌ನೆಟ್ ಎಂಬ ಪದಜಾಲ ಬಳಸಿದರು. ಭಾರತದ ಭಾಷೆಗಳಿಗೆ ಇರುವ ಅಂಥದೇ ಪದಜಾಲ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಇದೆ. ಆದರೆ ನಿಮ್ಮ ಕೆಲಸಕ್ಕೆ ವಿದ್ಯಾರ್ಥಿಗಳ ತಪ್ಪುಗಳ ಪುಸ್ತಕವೇ ಹೆಚ್ಚು ಬೆಲೆಯದ್ದು. ಅವರು ಯಾವ ಪದದ ಬದಲು ಯಾವುದನ್ನು ಹಿಡಿದರು ಎಂಬ ದಾಖಲೆ ಯಾವ ಪದಜಾಲದಲ್ಲೂ ಇಲ್ಲ.

ಒಂದು ಎಚ್ಚರ ಬೇಕು. ಹತ್ತು ಲಕ್ಷ ಪದಗಳಲ್ಲಿ ಏನೋ ಒಂದು ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲ ಎಂದಾಗುವುದಿಲ್ಲ. ಬರಬೇಕೆಂಬ ನಿರೀಕ್ಷೆ ಇದ್ದಾಗ ಮಾತ್ರ ಬಾರದಿರುವುದಕ್ಕೆ ಅರ್ಥ. ಮತ್ತೆ ಬರೀ ಉದಾಹರಣೆಯ ಸಂಖ್ಯೆ: "ತೊಳೆ" ಒಟ್ಟು 200 ಸಲ, ಅದರಲ್ಲಿ ಕೈ ಜೊತೆ 60. "ಒಗೆ" ಒಟ್ಟು 100 ಸಲ. ಎರಡೂ ಒಂದೇ ಬಗೆಯ ಪದಗಳಾಗಿದ್ದರೆ "ಕೈ ಒಗೆ" ಸುಮಾರು 30 ಸಲ ಬರಬೇಕಿತ್ತು. ಬಂದದ್ದು ಸೊನ್ನೆ. ಈ ಸೊನ್ನೆ ಗಟ್ಟಿಯಾದ ಸೊನ್ನೆ. ಈಗ ಬಟ್ಟೆಯನ್ನು ನೋಡಿ. "ಬಟ್ಟೆ ಒಗೆ" 50 ಸಲ, "ಬಟ್ಟೆ ತೊಳೆ" 12 ಸಲ ಎಂದುಕೊಳ್ಳಿ. ಅಂದರೆ ಇಲ್ಲಿ ಬಿಗಿ ಕಡಿಮೆ, ಎರಡೂ ನಡೆಯುತ್ತದೆ. ತರಗತಿಯಲ್ಲಿ ನಿಮಗೆ ಬೇಕಾದ ತಿಳಿವಳಿಕೆ ಇದೇ. ಕೈ ವಿಷಯದಲ್ಲಿ ತಿದ್ದಿ, ಬಟ್ಟೆ ವಿಷಯದಲ್ಲಿ ಬಿಡಿ. ಎಲ್ಲವನ್ನೂ ಒಂದೇ ಸಮ ತಿದ್ದುವ ಶಿಕ್ಷಕರಿಂದ ಕಲಿಯುವವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಇದೇ ಪರೀಕ್ಷೆಯನ್ನು ಬಣ್ಣಗಳ ಮೇಲೆ ಮಾಡಿದರೆ ನಿಮಗೇ ಖುಷಿಯಾಗುತ್ತದೆ. ಹಚ್ಚಹಸಿರು, ಕಡುಗೆಂಪು, ಅಚ್ಚಬಿಳಿ. ಮೂರರಲ್ಲೂ ಮೊದಲ ಭಾಗದ ಕೆಲಸ ಒಂದೇ, "ತುಂಬಾ" ಎನ್ನುವುದು. ಆದರೆ "ಹಚ್ಚಬಿಳಿ" ಎಂದು ಯಾರೂ ಹೇಳುವುದಿಲ್ಲ. ಮೈಮೇಲೆ ಹಾಕಿಕೊಳ್ಳುವ ಪದಗಳೂ ಹಾಗೆಯೇ: ಸೀರೆ ಉಡು, ಅಂಗಿ ತೊಡು, ಹೂ ಮುಡಿ, ಚಪ್ಪಲಿ ಮೆಟ್ಟು. ಇಂಗ್ಲಿಷಿನವರಿಗೆ ಇಲ್ಲೆಲ್ಲ ಒಂದೇ ಪದ ಸಾಕು. ಜಪಾನಿಯಲ್ಲಿ ಮೇಲಂಗಿಗೆ ಒಂದು, ಸೊಂಟದ ಕೆಳಗಿನದಕ್ಕೆ ಒಂದು, ತಲೆಯ ಮೇಲಿನದಕ್ಕೆ ಇನ್ನೊಂದು ಕ್ರಿಯಾಪದ ಇದೆ. ಹಾಗಾಗಿ ಜಪಾನಿ ಮಾತಾಡುವವರಿಗೆ ಈ ಪಾಠ ಬೇಗ ಹತ್ತುತ್ತದೆ, ಇಂಗ್ಲಿಷಿನವರಿಗೆ ನಿಧಾನ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಯಾರು ಎಲ್ಲಿ ಎಡವುತ್ತಾರೆ ಎಂಬುದು ಅವರ ಮೊದಲ ಭಾಷೆಯ ಮೇಲೂ ನಿಂತಿದೆ. ತೀರ್ಮಾನವನ್ನು ಇಂಗ್ಲಿಷಿನವರು "ಮಾಡುತ್ತಾರೆ", ಫ್ರೆಂಚರು "ತೆಗೆದುಕೊಳ್ಳುತ್ತಾರೆ", ಜರ್ಮನ್ನರ ಕ್ರಿಯಾಪದಕ್ಕೆ "ಭೇಟಿಯಾಗು" ಎಂಬ ಅರ್ಥವೂ ಇದೆ. ನಾಡ್ಯಾ ನೆಸಲ್‌ಹೌಫ್ 2003ರಲ್ಲಿ ಜರ್ಮನ್ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಪರಿಶೀಲಿಸಿದರು. ಚೆನ್ನಾಗಿ ಇಂಗ್ಲಿಷ್ ಬಲ್ಲವರ ತಪ್ಪುಗಳಲ್ಲೂ ತಾಯ್ನುಡಿಯ ಪ್ರಭಾವ, ಅಲ್ಲಿಯವರೆಗೆ ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಎಂದು ಕಂಡುಬಂತು. ಆದ್ದರಿಂದ ನಿಮ್ಮ ಪಟ್ಟಿಯ ಪ್ರತಿ ಜೋಡಿಯ ಎದುರು, ವಿದ್ಯಾರ್ಥಿಯ ಭಾಷೆಯಲ್ಲಿ ಅದನ್ನು ಹೇಗೆ ಹೇಳುತ್ತಾರೆ ಎಂದು ಅವರಿಂದಲೇ ಬರೆಸಿ. ಪದಕ್ಕೆ ಪದ ಹೊಂದಿದರೆ ಆ ಜೋಡಿಯನ್ನು ಪಕ್ಕಕ್ಕಿಡಿ. ಹೊಂದದಿದ್ದರೆ ಅದು ಪಾಠ.

ಬರಹ ಎಲ್ಲಿಂದ ತಂದಿರಿ ಎಂದು ನೀವು ಹೇಳಿಲ್ಲ. ಬರೀ ಸುದ್ದಿಯಾದರೆ "ಮಾಹಿತಿ ನೀಡಿದರು", "ಕ್ರಮ ಕೈಗೊಳ್ಳಲಾಗಿದೆ" ಇಂಥವೇ ತುಂಬಿರುತ್ತವೆ. ಅವು ಸಹಜವೇ, ಆದರೆ ಸುದ್ದಿಯಲ್ಲಿ ಸಹಜ. ಕಥೆ, ನಾಟಕ, ಪತ್ರ, ಮಾತುಕತೆಯ ಬರಹ ಸೇರಿಸಿ. ಅನುವಾದವಾದ ಬರಹವನ್ನು, ಅದರಲ್ಲೂ ಯಂತ್ರ ಅನುವಾದ ಮಾಡಿದ್ದನ್ನು ದೂರ ಇಡಿ. "ಸ್ನಾನ ತೆಗೆದುಕೊಳ್ಳಿ" ಎಂಬಂಥವು ಅಲ್ಲೇ ಹುಟ್ಟುತ್ತವೆ. ನೀವು ತಿದ್ದಬೇಕೆಂದಿರುವ ತಪ್ಪೇ ಸರಿ ಎಂದು ಪಟ್ಟಿಗೆ ಬಂದು ಕೂರುತ್ತದೆ. ಊರಿಂದ ಊರಿಗೆ ಬದಲಾಗುವ ಪದಗಳನ್ನೂ ನೆನಪಿಡಿ. "ಒಗೆ" ಎಂದರೆ ಕೆಲವರಿಗೆ ಬಟ್ಟೆ ಶುಚಿ ಮಾಡುವುದು, ಇನ್ನು ಕೆಲವರಿಗೆ ಎಸೆಯುವುದು. ಎರಡೂ ಕನ್ನಡವೇ.

ಇಷ್ಟೆಲ್ಲ ಎಣಿಸುವ ಬದಲು, ರಾಶಿ ಬರಹದಿಂದ ಭಾಷೆ ಕಲಿತ ಈಗಿನ ಕಂಪ್ಯೂಟರ್ ಭಾಷಾ ಮಾದರಿಗಳನ್ನೇ ಕೇಳಬಾರದೇ? ಕೇಳಬಹುದು. 2018ರಲ್ಲಿ ಬಂದ ಬರ್ಟ್ ಎಂಬ ಮಾದರಿಯ ಬಹುಭಾಷಾ ರೂಪದಲ್ಲಿ ಕನ್ನಡವೂ ಇದೆ. ವಾಕ್ಯದಲ್ಲಿ ಒಂದು ಪದ ಮುಚ್ಚಿಟ್ಟು "ಇಲ್ಲಿ ಏನು ಬರಬಹುದು?" ಎಂದು ಕೇಳುವುದು ಇಂಥ ಮಾದರಿಗಳ ಮೂಲ ಪಾಠವೇ. ಅದಲುಬದಲು ಮಾಡಲು ಪದಗಳು ಬೇಕಾದಾಗ ಇವು ಒಳ್ಳೆಯ ಸಹಾಯಕರು. ಆದರೆ ತೀರ್ಪಿಗೆ ನಾನು ಎಣಿಕೆಯನ್ನೇ ನಂಬುತ್ತೇನೆ. ಎಣಿಕೆಯ ಹಿಂದೆ ತೆರೆದು ಓದಬಹುದಾದ 80 ವಾಕ್ಯಗಳಿರುತ್ತವೆ. ಸಂಶಯ ಬಂದರೆ ಆ ವಾಕ್ಯಗಳನ್ನೇ ವಿದ್ಯಾರ್ಥಿಯ ಮುಂದಿಡಬಹುದು.

ಸಾಧನಗಳ ಬಗ್ಗೆ ಎರಡೇ ಮಾತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಎನ್‌ಎಲ್‌ಟಿಕೆ ಎಂಬ ಕೋಡ್ ಸಂಗ್ರಹದಲ್ಲಿ ಈ ಅಳತೆಗಳಲ್ಲಿ ಹಲವು ಸಿದ್ಧವಾಗಿವೆ. ಕೋಡ್ ಬೇಡ ಎಂದರೆ ಲಾರೆನ್ಸ್ ಆಂಥನಿ ಅವರ ಆಂಟ್‌ಕಾಂಕ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹುಡುಕು ತಾಣಗಳಲ್ಲಿ ಜೋಡಿಯನ್ನು ಟೈಪ್ ಮಾಡಿ, ಅಲ್ಲಿ ಕಾಣುವ "ಇಷ್ಟು ಲಕ್ಷ ಫಲಿತಾಂಶ" ಎಂಬ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅದು ಅಂದಾಜು.

ಕೊನೆಗೆ ಪಟ್ಟಿಯ ರೂಪ. ಜರ್ಮನ್ ವಿದ್ವಾಂಸ ಫ್ರಾಂಜ್ ಯೋಸೆಫ್ ಹೌಸ್‌ಮನ್ ಜೋಡಿಯ ಎರಡು ಪದಗಳು ಸಮಾನವಲ್ಲ ಎಂದು ತೋರಿಸಿದರು. ಒಂದು ತಳ, ಇನ್ನೊಂದು ಅದಕ್ಕೆ ಅಂಟಿಕೊಂಡದ್ದು. ಮಾತಾಡುವವರ ಮನಸ್ಸಿನಲ್ಲಿ ಮೊದಲು ಬರುವುದು "ಸಾಲ". "ತೀರಿಸು" ಗೊತ್ತಿಲ್ಲದವರು ನಿಘಂಟಿನಲ್ಲಿ "ತೀರಿಸು" ಎಂದು ಹುಡುಕಲಾರರು. ಆದ್ದರಿಂದ "ಸಾಲ" ಎಂಬ ತಲೆಪದದ ಕೆಳಗೆ ಮಾಡು, ಕೇಳು, ಕೊಡು, ತೀರಿಸು ಇವನ್ನೆಲ್ಲ ತನ್ನಿ. ಪ್ರತಿಯೊಂದಕ್ಕೂ ನಿಮ್ಮ ಸಂಗ್ರಹದಿಂದಲೇ ಎರಡು ಚಿಕ್ಕ ವಾಕ್ಯ ಕೊಡಿ, ವಿಭಕ್ತಿ ಕಾಣುವ ಹಾಗೆ. ಅದರ ಪಕ್ಕದಲ್ಲಿ ಅದಲುಬದಲು ಪರೀಕ್ಷೆಯಲ್ಲಿ ಗಟ್ಟಿ ಸೊನ್ನೆ ಬಂದ ಜೋಡಿಯನ್ನು ಅಡ್ಡಗೆರೆ ಎಳೆದು ತೋರಿಸಿ.

ಶುರುವಿಗೆ ನೂರು ನಾಮಪದ ಸಾಕು. ಕೈ, ಬಾಯಿ, ಮಾತು, ನಿದ್ದೆ, ಬಾಗಿಲು, ದೀಪ, ಮಳೆ ಇಂಥ ದಿನಬಳಕೆಯವು. ಹತ್ತು ಲಕ್ಷ ಪದಗಳ ಸಂಗ್ರಹ ಇವಕ್ಕೆ ಸಾಲುತ್ತದೆ, ಅಪರೂಪದವಕ್ಕೆ ಸಾಲದು. ರೂಪಗಳನ್ನು ಒಂದುಗೂಡಿಸಿ ಇನ್ನೊಂದು ಸಲ ಎಣಿಸಿ ನೋಡಿ. "ಹಲ್ಲು" ಕೆಳಗೆ ಉಜ್ಜು ಮಾತ್ರವಲ್ಲ, ಕಡಿ, ಕಿರಿ, ಕೀಳಿಸು ಕೂಡ ಬಂದರೆ ನಿಮ್ಮ ಎಣಿಕೆ ದಾರಿಗೆ ಬಂದಿದೆ ಎಂದು ತಿಳಿಯಿರಿ.